ಕಡಂಗ ದುರಸ್ತಿ

ನವೆಂಬರ್ 18, 2024. ಸೋಮವಾರ

ಬಸ್ಸು ಮತ್ತೆ ತಡ. ಅಮ್ಮತ್ತಿಯಿಂದ ವಿರಾಜಪೇಟೆಗೆ ನಿಂತೇ ಬಂದೆ. ಮೊದಲ ಪೀರಿಯಡ್ ಅರ್ಧ ಮುಗಿದಿತ್ತು. ಪ್ರಿನ್ಸಿಪಾಲರು ವಾಚ್ ನೋಡಿಕೊಂಡರು, ನನ್ನನ್ನು ನೋಡಲಿಲ್ಲ. ಅತಿಥಿ ಉಪನ್ಯಾಸಕಿ ತಾನೆ. ಅತಿಥಿಗೆ ಬೈಯಬಾರದು. ಇಪ್ಪತ್ತು ವರ್ಷದಿಂದ ಅತಿಥಿ... ಇಷ್ಟು ವರ್ಷ ಬೇರೆ ಯಾರ ಮನೆಯಲ್ಲಿ ಉಳಿದಿದ್ದರೂ ಬೀರುವಿನ ಬೀಗದಕೈ ನನ್ನ ಸೊಂಟದಲ್ಲಿರುತ್ತಿತ್ತು.

ಜಗತ್ತಿನ ಇತಿಹಾಸದ ಕ್ಲಾಸು. ಸಿಲಬಸ್‌ನಲ್ಲಿ ಇಲ್ಲದ್ದನ್ನು ಹೇಳಿದೆ. ಆಫ್ರಿಕಾದ ಹಳೆಯ ಬೆನಿನ್ ರಾಜ್ಯ. ಪಟ್ಟಣದ ಸುತ್ತ, ಹಳ್ಳಿಗಳ ಸುತ್ತ, ಕಾಡಿನೊಳಗೆಲ್ಲ ಮಣ್ಣಿನ ದಿಣ್ಣೆ, ಕಂದಕ. ಎಲ್ಲ ಕೂಡಿಸಿದರೆ ಚೀನಾದ ಗೋಡೆಗಿಂತ ಉದ್ದ ಎನ್ನುವವರಿದ್ದಾರೆ. ಕಲ್ಲಾಗಿದ್ದರೆ ಟಿಕೆಟ್ ಇಟ್ಟು ತೋರಿಸುತ್ತಿದ್ದರು. ಮಣ್ಣು, ಹಾಗಾಗಿ ಜಗತ್ತು ಮರೆಯಿತು. ಆ ಊರಿನವರೇ ಮನೆ ಕಟ್ಟಲು ಅದರ ಮಣ್ಣನ್ನು ಹೊತ್ತುಕೊಂಡು ಹೋದರು. ನಮ್ಮಲ್ಲೂ ಅಂಥದ್ದು ಉಂಟಲ್ಲ, ಕಡಂಗ ಯಾರಾದರೂ ನೋಡಿದ್ದೀರಾ ಎಂದು ಕೇಳಿದೆ.

ಹಿಂದಿನ ಬೆಂಚಿನಿಂದ ಒಬ್ಬ: ‘ಕಡಂಗ ಬಸ್ ಸ್ಟಾಪ್ ಅಲ್ವಾ ಮೇಡಂ?’

ಎಲ್ಲರೂ ನಕ್ಕರು. ನಾನೂ ನಕ್ಕೆ. ಮುಂದಿನ ಬೆಂಚಿನ ಪೂಜಿತಾ ಮಾತ್ರ ಗಂಭೀರವಾಗಿ ‘ಇದು ಎಕ್ಸಾಮಿಗೆ ಬರ್ತದಾ?’ ಎಂದಳು. ಇಲ್ಲ ಎಂದೆ. ಪೆನ್ನು ಕೆಳಗಿಟ್ಟಳು. ತಪ್ಪೇನಿಲ್ಲ ಅವಳದ್ದು.

ಸಾಕಾಗಿದೆ. ರಾತ್ರಿ ಗಂಜಿ ಸಾಕು.


ನವೆಂಬರ್ 24. ಭಾನುವಾರ

ಬೆಳಿಗ್ಗೆ ಪಕ್ಕದ ಮೊಣ್ಣಪ್ಪ ಮಾವನ ತೋಟಕ್ಕೆ ಹೋಗಿ ಕಡಂಗವನ್ನು ಇನ್ನೊಮ್ಮೆ ಅಳೆದೆ. ಜಿಪಿಎಸ್ ಪಾಯಿಂಟು, ಫೋಟೋ, ನಕ್ಷೆ. ಎಲ್ಲ ನೀಟು. ಮೊಣಕಾಲು ಮಾತ್ರ ನೀಟಿಲ್ಲ.

ಕೊಡಗಿನಲ್ಲಿ ಕಡಂಗ ಎಲ್ಲೆಲ್ಲೂ ಇತ್ತಂತೆ. ನಾಡು ನಾಡಿನ ನಡುವೆ ಜಗಳವಿದ್ದ ಕಾಲದಲ್ಲಿ ಗಡಿಗೆ ತೋಡಿದ ಯುದ್ಧದ ಕಂದಕ ಎನ್ನುತ್ತಾರೆ. ಯಾರು ತೋಡಿದರು, ಯಾವ ಕಾಲದಲ್ಲಿ — ಬಾಯಿಗೊಂದು ಕಥೆ. ಈಗ ಅಲ್ಲಿ ರಸ್ತೆ ಕಡಿದಿದೆ, ಇಲ್ಲಿ ಮನೆ ಬಂದಿದೆ. ನಾನು ತಿರುಗಿದ ಊರುಗಳಲ್ಲಿ ತುಂಡಾಗದೆ, ಯಾರೂ ಕೈಯಾಡಿಸದೆ ಉಳಿದಿರುವುದು ನಮ್ಮೂರಿನ ಈ ಒಂದು ಭಾಗ. ಮೇಲೆ ದೊಡ್ಡ ಎಸ್ಟೇಟು, ಅದರಾಚೆ ಕಾಡು. ಕೆಳಗೆ ಕೆಲಸದವರ ಲೈನ್ ಮನೆಗಳು, ಮೊಣ್ಣಪ್ಪ ಮಾವನ ತೋಟ, ನನ್ನ ಅಂಗೈಯಗಲ ಕಾಫಿ. ನಡುವೆ ಎಲೆ, ಮಣ್ಣು ತುಂಬಿಕೊಂಡು ಸೊಂಟದೆತ್ತರಕ್ಕೆ ಇಳಿದ ಹಳೆಯ ಕಂದಕ. ಪಕ್ಕದಲ್ಲಿ ದಿಣ್ಣೆ.

ಪಿಎಚ್‌ಡಿ ಗೈಡ್ ಮೈಸೂರಿನಿಂದ ಫೋನ್ ಮಾಡಿದ್ದರು. ‘ಡೇಟ್ ಇಲ್ಲದಿದ್ರೆ ಇದು ಥೀಸಿಸ್ ಅಲ್ಲಮ್ಮ, ಪ್ರವಾಸ ಕಥನ.’ ಕಂದಕದ ತಳದ ಮಣ್ಣನ್ನು ಲ್ಯಾಬ್‌ಗೆ ಕೊಟ್ಟರೆ ಅದು ಕಡೆಯ ಸಲ ಬಿಸಿಲು ಕಂಡದ್ದು ಎಷ್ಟು ನೂರು ವರ್ಷದ ಹಿಂದೆ ಎಂದು ಹೇಳುತ್ತಾರೆ. ಷರತ್ತು ಒಂದೇ. ತೆಗೆಯುವಾಗ, ಒಯ್ಯುವಾಗ ಬೆಳಕು ತಾಗಬಾರದು. ಒಂದು ಸಲ ಬಿಸಿಲು ಬಿತ್ತೋ, ಮಣ್ಣು ತನ್ನ ವಯಸ್ಸನ್ನೇ ಮರೆತುಬಿಡುತ್ತದೆ. ಲ್ಯಾಬ್‌ನವರು ಜನವರಿಯಲ್ಲಿ ಬರುತ್ತಾರಂತೆ. ಮಾರ್ಚ್ ಕೊನೆಗೆ ಥೀಸಿಸ್ ಸಲ್ಲಿಸಬೇಕು, ಎಕ್ಸ್‌ಟೆನ್ಶನ್‌ಗಳೆಲ್ಲ ಮುಗಿದಿವೆ. ಪಿಎಚ್‌ಡಿ ಇಲ್ಲದವರಿಗೆ ಮುಂದಿನ ವರ್ಷ ಕ್ಲಾಸಿಲ್ಲ ಎಂದು ಕಾಲೇಜಿನಲ್ಲಿ ಹೇಳಿಯಾಗಿದೆ. ನಲವತ್ತೇಳನೇ ವಯಸ್ಸಿನಲ್ಲಿ ನನ್ನ ಅನ್ನ ಒಂದು ಹಿಡಿ ಮಣ್ಣಿನಲ್ಲಿದೆ.


ಡಿಸೆಂಬರ್ 5

ಮೇಲಿನ ಎಸ್ಟೇಟಿನ ಹೊಸ ಮಾಲೀಕರು ತಮ್ಮ ಪಾಲಿನ ಕಡಂಗವನ್ನು ಮುಚ್ಚಿಸಿಬಿಟ್ಟಿದ್ದಾರೆ. ಹೋಂಸ್ಟೇ ಪಾರ್ಕಿಂಗು. ಮೂರು ದಿನ ನಾನು ಆ ಕಡೆ ಹೋಗಿರಲಿಲ್ಲ, ಅಷ್ಟರಲ್ಲಿ ಜಲ್ಲಿಯೂ ಬಿದ್ದಾಯಿತು.

ಸಂಜೆ ಮೊಣ್ಣಪ್ಪ ಮಾವನ ಜಗಲಿಯಲ್ಲಿ ಕೂತು ಗೋಳು ಹೇಳಿಕೊಂಡೆ. ಅವರೂ ನಮ್ಮಂತೆ ಅರೆಭಾಷೆಯವರು, ಅಪ್ಪನ ಕಾಲದಿಂದ ನೆಂಟರಷ್ಟೇ ಹತ್ತಿರ. ನಮ್ಮ ಬೆಳೆಗಾರರ ಸಂಘಕ್ಕೆ ಅವರೇ ಅಧ್ಯಕ್ಷರು.

‘ನನ್ನ ಜಾಗಲಿ ಉಟ್ಟಲ್ಲಾ, ಸಾಲದಾ? ಅದ್ ಎಲ್ಲಿಗೂ ಓಡಿ ಹೋಗುದಿಲ್ಲೆ’ ಎಂದರು. ಮತ್ತೆ, ‘ಆದ್ರೆ ಜೀಪ್ ಹೋಗುದಿಕ್ಕೆ ಒಂದ್ ಕಡೆ ಮುಚ್ಚಿರೆ ಒಳ್ಳೇದಿತ್ತ್.’

ಇವರನ್ನು ನಂಬಿ ಕೂತರೆ ಕೆಟ್ಟೆ. ಮನೆಗೆ ಬಂದವಳೇ ಅರ್ಜಿ ಬರೆದೆ. ಊರಿನ ಎಲ್ಲ ಅರ್ಜಿಯೂ ಹೋಗುವ ಆಫೀಸಿಗೇ, ಅದರ ಉದ್ದ ಹೆಸರು ಬರೆದರೆ ಕೈ ನೋಯುತ್ತದೆ. ಗೈಡ್‌ಗೆ ಓದಿ ಹೇಳಿದೆ. ‘ಕಡಂಗ ಅಂದ್ರೆ ಹೊರಗಿನವರಿಗೆ ಗೊತ್ತಾಗಲ್ಲಮ್ಮ, ಪ್ರಾಚೀನ ರಕ್ಷಣಾ ಕಂದಕ ಅಂತ ಬರಿ’ ಎಂದರು. ನಾನು ಕೇಳಲಿಲ್ಲ. ನಮ್ಮ ಊರಿನ ಪದ ಜೀವಂತ ಇರುವಾಗ ಪ್ರಾಚೀನ ಗೀಚೀನ ಯಾಕೆ? ‘ನಮ್ಮ ಗ್ರಾಮದಲ್ಲಿ ಹಾಳಾಗುತ್ತಿರುವ ಕಡಂಗವನ್ನು ಕೂಡಲೇ ಸಂರಕ್ಷಿಸಿಕೊಡಬೇಕಾಗಿ ಕೋರಿಕೆ.’ ನಕ್ಷೆ, ಫೋಟೋ, ಜಿಪಿಎಸ್ ಎಲ್ಲ ಲಗತ್ತಿಸಿದೆ. ಮೊಣ್ಣಪ್ಪ ಮಾವನ ಒಪ್ಪಿಗೆ ಸಹಿಯನ್ನೂ ಬಿಡದೆ ಹಾಕಿಸಿಕೊಂಡೆ.

ಬಹಳ ದಿನದ ಮೇಲೆ ಒಂದು ಕೆಲಸ ಪೂರ್ತಿ ಮಾಡಿದ ಹಾಗಾಯಿತು.


ಡಿಸೆಂಬರ್ 22

ಆನೆಗಳು. ನಾಲ್ಕೋ ಐದೋ. ಕಡಂಗ ದಾಟಿ ಲೈನ್ ಮನೆಗಳ ಹಿಂದಿನ ಬಾಳೆ ಮುಗಿಸಿ, ನನ್ನ ತೋಟದ ಬೇಲಿ ಮೆಟ್ಟಿ ಹೋಗಿವೆ. ಅವಕ್ಕೆ ಕಡಂಗ ಎಂದರೆ ಹೊಸ್ತಿಲು, ಅಷ್ಟೆ.

ಕಾಳಮ್ಮ ಕೆಲಸಕ್ಕೆ ಬಂದದ್ದೇ ಹತ್ತು ಗಂಟೆಗೆ. ಅವಳೂ ಗಂಡ ಪುಟ್ಟರಾಜುವೂ ಕುಶಾಲನಗರದ ಕಡೆಯವರು, ಅವರ ಹಿರಿಯರು ಹಾಸನದಿಂದ ಬಂದವರು. ಲೈನಿನಲ್ಲಿ ಸಂಸಾರ. ಮೊಣ್ಣಪ್ಪ ಮಾವನ ತೋಟದಲ್ಲಿ ಕೆಲಸ, ವಾರಕ್ಕೆರಡು ದಿನ ನನಗೆ.

‘ಬೆಳಕರಿಯೋಗಂಟ ಬಾಗ್ಲು ತೆಗ್ದಿಲ್ಲ ಕಣಕ್ಕ. ಗೋಡೆ ಪಕ್ಕದಾಗೇ ಉಸ್ರು ಬುಡ್ತಾ ನಿಂತಿತ್ತು.’ ಹೇಳುವಾಗ ನಕ್ಕಳು. ಹೆದರಿಕೆ ಹೋದ ಮೇಲೆ ಬರುವ ನಗು.

ಸಂಘದವರು ಆನೆ ಟ್ರೆಂಚ್ ಬೇಕು ಎಂದು ವರ್ಷಕ್ಕೊಂದು ಅರ್ಜಿ ಕೊಡುತ್ತಾರೆ. ವರ್ಷಕ್ಕೊಂದು ಉತ್ತರ ಬರುತ್ತದೆ — ಇಲ್ಲಿ ಹೊಸ ಟ್ರೆಂಚ್‌ಗೆ ಅವಕಾಶವಿಲ್ಲ.

ಲ್ಯಾಬ್‌ನವರು ಜನವರಿಯಲ್ಲಿ ಆಗುವುದಿಲ್ಲ ಎಂದರು. ಫೆಬ್ರವರಿ ಹನ್ನೆರಡು.


ಜನವರಿ 9, 2025

ಪುಟ್ಟರಾಜುವಿಗೆ ಆನೆ ಹೊಡೆದಿದೆ.

ಬೆಳಿಗ್ಗೆ ಕಾಫಿ ಪಿಕ್ಕಿಂಗ್‌ಗೆ ಹೊರಟವನು. ಕಡಂಗದ ಪಕ್ಕದ ದಾರಿಯಲ್ಲಿ, ಮಂಜಿನಲ್ಲಿ. ಸೊಂಡಿಲಿನಿಂದ ಎತ್ತಿ ಒಗೆದಿದೆ. ಕಾಫಿ ಗಿಡದ ಮೇಲೆ ಬಿದ್ದದ್ದಕ್ಕೆ ಜೀವ ಉಳಿಯಿತು ಎನ್ನುತ್ತಾರೆ. ಸೊಂಟ ಮುರಿದಿದೆ. ಮೊಣ್ಣಪ್ಪ ಮಾವನ ಜೀಪಿನಲ್ಲಿ ಹಾಕಿಕೊಂಡು ಹೋದೆವು. ದಾರಿಯುದ್ದಕ್ಕೂ ಕಾಳಮ್ಮ ಗಂಡನ ಚಪ್ಪಲಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಒಂದೇ ಚಪ್ಪಲಿ. ಇನ್ನೊಂದು ಸಿಕ್ಕಿಲ್ಲ.

ಇಂದು ಕಾಲೇಜಿಗೆ ಹೋಗಲಿಲ್ಲ. ಬರೆಯಲೂ ಮನಸ್ಸಿಲ್ಲ.


ಜನವರಿ 21. ಮಧ್ಯಾಹ್ನ, ಸ್ಟಾಫ್ ರೂಮು

ಆಫೀಸಿನಿಂದ ಫೋನ್! ‘ಮೇಡಂ, ನಿಮ್ಮ ಕಡಂಗದ್ದು ಸ್ಯಾಂಕ್ಷನ್ ಆಗೇತ್ರಿ. ಈ ವರ್ಷದ ಗ್ರ್ಯಾಂಟ್‌ನಾಗ ಸೇರ್ಸೇವಿ.’ ಎರಡೆರಡು ಸಲ ಕೇಳಿದೆ. ಹೌದಂತೆ.

ಗೈಡ್‌ಗೆ ಹೇಳಿದೆ. ಅವರು ಮೆಚ್ಚಿ ಮಾತಾಡಿದ್ದು ಇದೇ ಮೊದಲು. ಸರ್ಕಾರ ಒಂದು ಮಣ್ಣಿನ ಕಂದಕವನ್ನು ಸ್ಮಾರಕ ಎಂದು ಒಪ್ಪಿತೆಂದರೆ ಸಣ್ಣ ಮಾತೇ! ನೀಲಿ ಬೋರ್ಡು ಹಾಕುತ್ತಾರೇನೋ. ಅಕ್ಷರ ತಪ್ಪಿಲ್ಲದೆ ಬರೆಸಬೇಕು.

ಕ್ಯಾಂಟೀನಿನಲ್ಲಿ ಒಂದು ಮಸಾಲೆ ದೋಸೆ ತಿಂದೆ. ಒಬ್ಬಳೇ.


ಜನವರಿ 30

ಗಣಪತಿ ಮಾಡು ಅಂದರೆ ಅವರಪ್ಪನನ್ನು ಮಾಡಿದರು.

ಆಫೀಸಿನ ಸತೀಶ್ ಎಂಬವರು ಬಂದಿದ್ದರು. ಗದಗ ಕಡೆಯವರು, ಕೊಡಗಿಗೆ ಬಂದು ವರ್ಷವಾಗಿಲ್ಲ. ಒಳ್ಳೆಯ ಮನುಷ್ಯ. ಟೇಪು ಹಿಡಿದು ಕಡಂಗದ ಉದ್ದಕ್ಕೂ ನಡೆದರು. ನಾನು ಹಿಂದೆ ಹಿಂದೆ ಇತಿಹಾಸ ಹೇಳುತ್ತ ಹೋದೆ. ತಲೆಯಾಡಿಸುತ್ತಿದ್ದರು. ಕೊನೆಗೆ ಕೇಳಿದರು: ‘ಮೇಡಂ, ಹತ್ತಡಿ ಆಳ ಸಾಕಾ? ಆನಿ ಇಳಿಯೂದುಲ್ಲ?’

ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಕಾಫಿ ಗಿಡದ ಬುಡದಲ್ಲಿ ಕೂತುಬಿಟ್ಟೆ.

‘ನಾನು ಬರೆದದ್ದು ಸಂರಕ್ಷಿಸಿ ಅಂತ.’

‘ಹೌದ್ರಿ, ಅದನ್ನ ಮಾಡಾಕತ್ತೇವಿ. ಹಾಳಾಗಿದ್ದ ಕಡಂಗ ಸಂರಕ್ಷಿಸಿಕೊಡ್ರಿ ಅಂದ್ರಿ. ನಮ್ಮ ಡ್ರೈವರ್‌ನ ಕೇಳ್ದೆ, ಕಡಂಗ ಅಂದ್ರೇನು ಅಂತ. ಟ್ರೆಂಚ್ ಸರ್ ಅಂದ. ಹೊಸಾ ಟ್ರೆಂಚಿಗೆ ಪರ್ಮಿಶನ್ ಸಿಗೂದುಲ್ರಿ. ಹಳೇದರ ದುರಸ್ತಿಗೆ ಐತಿ. ನಕ್ಷಾ, ಫೋಟೋ, ಜಾಗದವರ ಸಹಿ — ಇಷ್ಟು ಚಂದ ಅರ್ಜಿ ನಾ ನೋಡೇ ಇಲ್ಲ. ಹಿಂಗಾಗಿ ತಡಾ ಆಗಲಿಲ್ಲ.’

ಡ್ರೈವರ್ ತಪ್ಪು ಹೇಳಿಲ್ಲ. ನಮ್ಮವರಿಗೆ ಯುದ್ಧಕ್ಕೆ ತೋಡಿದ್ದೂ ಕಡಂಗ, ಆನೆಗೆ ತೋಡಿದ್ದೂ ಕಡಂಗ. ನಮ್ಮ ಪದ ಜೀವಂತ ಉಂಟು ಎಂದು ಜಂಬ ಪಟ್ಟವಳು ನಾನೇ ತಾನೆ.

ಜೆಸಿಬಿ ಎಂಟನೇ ತಾರೀಕು ಬರುತ್ತದೆ. ಲ್ಯಾಬ್ ಹನ್ನೆರಡಕ್ಕೆ.


ಫೆಬ್ರವರಿ 2. ಭಾನುವಾರ

ಸಂಘದ ಹಾಲ್‌ನಲ್ಲಿ ನನಗೆ ಸನ್ಮಾನ. ಶಾಲು, ಹಣ್ಣಿನ ಬುಟ್ಟಿ, ಏಲಕ್ಕಿ ಹಾರ. ಮೊದಲೇ ಹೇಳಿದ್ದರೆ ಜ್ವರ ಎಂದು ಮಲಗುತ್ತಿದ್ದೆ. ಮೊಣ್ಣಪ್ಪ ಮಾವ ಬೇಕೆಂದೇ ಹೇಳಲಿಲ್ಲ.

ಅವರ ಭಾಷಣ: ‘ನಾವು ಗಂಡಸರು ಇಷ್ಟು ವರ್ಷ ಟ್ರೆಂಚ್ ಟ್ರೆಂಚ್ ಅಂತ ಬರೆದ್ವಿ, ಆಗಲಿಲ್ಲ. ಓದಿದ ಹೆಣ್ಣುಮಗಳು ಒಂದೇ ಅರ್ಜಿಯಲ್ಲಿ ಮಾಡಿಸಿದ್ಲು. ಕಡಂಗ ಅಂತ ಬರೀಬೇಕು ಅಂತ ನಮಗೆ ಹೊಳೀಲಿಲ್ಲ ನೋಡಿ.’ ಚಪ್ಪಾಳೆ. ಎರಡು ಮಾತಾಡಿ ಎಂದರು. ಥ್ಯಾಂಕ್ಸ್ ಎಂದೆ. ಒಂದೇ ಆಯಿತು. ವಿನಯ ಎಂದುಕೊಂಡರು.

ಕಾಳಮ್ಮ ಹಿಂದೆ ಬಾಗಿಲ ಹತ್ತಿರ ನಿಂತಿದ್ದಳು. ಹೊರಡುವಾಗ ಕೈ ಹಿಡಿದುಕೊಂಡಳು.

ಶಾಲು ಬೀರುವಿನಲ್ಲಿಟ್ಟೆ. ನಾಚಿಕೆಯಾಗುತ್ತದೆ. ಸಿಟ್ಟೂ ಬರುತ್ತದೆ, ಯಾರ ಮೇಲೆ ಎಂದು ಗೊತ್ತಿಲ್ಲ.


ಫೆಬ್ರವರಿ 4

ಆಫೀಸಿಗೆ ಹೋದೆ. ಸತೀಶ್ ಪೂರ್ತಿ ಕೇಳಿಸಿಕೊಂಡರು. ನಗಲಿಲ್ಲ, ಅದೇ ಪುಣ್ಯ. ‘ಛೇ, ಹಿಂಗಾತಲ್ರೀ’ ಎಂದರು. ಟೀ ತರಿಸಿದರು.

ನಾಲ್ಕು ದಿನ ಮುಂದಕ್ಕೆ ಹಾಕಬಹುದಾ ಎಂದು ಕೇಳಿದೆ. ಇಲ್ಲ. ಜೆಸಿಬಿ ನಮ್ಮಲ್ಲಿ ಎರಡು ದಿನ, ಅಲ್ಲಿಂದ ಬೇರೆ ಊರು, ಮಾರ್ಚ್ ತನಕ ಲೈನ್ ಹಚ್ಚಿದ್ದಾರೆ. ಸಂರಕ್ಷಣೆ ಎಂದರೆ ಇದಲ್ಲ, ನನ್ನ ಅರ್ಜಿಯನ್ನು ಹಿಂದಕ್ಕೆ ಪಡೆದಿದ್ದೇನೆ ಎಂದು ಒಂದು ಸಾಲು ಬರೆದುಕೊಟ್ಟರೆ ಕೆಲಸ ನಿಲ್ಲುತ್ತದೆ. ಕಡಂಗ ಹಾಗೇ ಉಳಿಯುತ್ತದೆ. ಟ್ರೆಂಚ್ ಮಾತ್ರ ಮತ್ತೆ ನಮ್ಮೂರಿಗೆ ಬರುವುದಿಲ್ಲ.

ಬಿಳಿ ಹಾಳೆಯನ್ನೂ ಅವರೇ ಕೊಟ್ಟರು. ‘ನಿಮ್ಮ ಇಷ್ಟಾ ಮೇಡಂ. ನಾ ಏನೂ ಅನ್ನೂದುಲ್ಲ.’

ಬ್ಯಾಗಿನಲ್ಲಿ ಹಾಕಿಕೊಂಡು ಬಂದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಅಮ್ಮತ್ತಿ ಬಂದದ್ದೇ ತಿಳಿಯಲಿಲ್ಲ.


ಫೆಬ್ರವರಿ 5

ಲ್ಯಾಬ್‌ಗೆ ಫೋನ್. ಮೊದಲೇ ಬರಲು ಸಾಧ್ಯವೇ ಇಲ್ಲ, ಬೇರೆ ಸೈಟಿನಲ್ಲಿದ್ದಾರೆ.

ಸಂಜೆ ಲೈನಿಗೆ ಹೋದೆ. ಪುಟ್ಟರಾಜು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಆಸ್ಪತ್ರೆಯಿಂದ ಬಂದ ಮೇಲೆ ಬಾಗಿಲು ತೆರೆದಿದ್ದರೆ ಅವನಿಗೆ ಆಗುವುದಿಲ್ಲವಂತೆ. ಎಲೆ ಅಲುಗಿದರೂ ‘ಬಾಗ್ಲು, ಬಾಗ್ಲು’ ಎನ್ನುತ್ತಾನೆ. ಅಷ್ಟು ಸೆಖೆಯಲ್ಲಿ ಕದ ಹಾಕಿಕೊಂಡು ಇಬ್ಬರೂ.

ಕಾಳಮ್ಮ ಕಾಫಿ ಕೊಟ್ಟಳು. ನಾನು ಹೇಗೋ ಬಾಯಿ ತೆರೆದೆ. ‘ಕಾಳಮ್ಮ, ಈ ಟ್ರೆಂಚ್ ನಾನು ಬೇಡ ಅಂದ್ರೆ?’

‘ನೀವ್ಯಾಕಕ್ಕ ಬ್ಯಾಡ ಅಂತೀರಿ?’

ಅಷ್ಟೆ. ನಿಜವಾಗಿ ಅರ್ಥವಾಗದೆ ಕೇಳಿದಳು. ಲೋಟ ಕೆಳಗಿಟ್ಟು ಎದ್ದು ಬಂದೆ. ಬಿಳಿ ಹಾಳೆಯನ್ನು ಒಲೆಗೆ ಹಾಕಲಿಲ್ಲ, ಸಿನಿಮಾ ಅಲ್ಲವಲ್ಲ. ದಿನಸಿ ಚೀಟಿ ಬರೆಯಲು ಡ್ರಾಯರ್‌ನಲ್ಲಿಟ್ಟೆ.


ಫೆಬ್ರವರಿ 7. ಶುಕ್ರವಾರ

ಒಂದು ದಾರಿ ಸಿಕ್ಕಿದೆ. ಗೈಡ್ ಲ್ಯಾಬ್‌ನವರೊಡನೆ ಮಾತಾಡಿ ಹೇಳಿದರು — ನೀನೇ ಮಣ್ಣು ತೆಗೆದಿಡು, ಅವರು ಹನ್ನೆರಡಕ್ಕೆ ಬಂದು ಒಯ್ಯುತ್ತಾರೆ. ಪೂರ್ತಿ ಸರಿಯಾದ ಕ್ರಮ ಅಲ್ಲ, ಆದರೂ ನಡೆಯುತ್ತದೆ.

ಮೊಣ್ಣಪ್ಪ ಮಾವನ ಶೆಡ್ಡಿನಿಂದ ಮೂರು ತುಂಡು ಕಬ್ಬಿಣದ ಪೈಪು. ಕಾಲೇಜಿಗೆ ರಜೆ. ಕಾಳಮ್ಮನನ್ನು ಕರೆದುಕೊಂಡು ಹೋದೆ. ತಳದವರೆಗೆ ಗುಂಡಿ ತೋಡಿ, ಕಾಫಿ ಮುಚ್ಚುವ ಟಾರ್ಪಾಲಿನ ಅಡಿಯಲ್ಲಿ ಕೂತು, ಪೈಪನ್ನು ಸುತ್ತಿಗೆಯಿಂದ ಹೊಡೆದು ಗೋಡೆಯೊಳಗೆ ಇಳಿಸಿದೆ. ಒಳಗೆ ಉಸಿರು ಕಟ್ಟುತ್ತಿತ್ತು. ಕಾಳಮ್ಮ ಹೊರಗಿನಿಂದ ಟಾರ್ಪಾಲನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದಳು. ಎರಡೂ ತುದಿಗೆ ಫಾಯಿಲು, ಮೇಲೆ ಕಪ್ಪು ಪ್ಲಾಸ್ಟಿಕ್, ಅದರ ಮೇಲೆ ಟೇಪು.

‘ಇದ್ಯಾವ ಪೂಜೆ ಅಕ್ಕ?’

‘ಲ್ಯಾಬ್‌ಗೆ ಕಳ್ಸೋದು. ಜೋಪಾನ.’

ಮಾತಾಡಲು ತ್ರಾಣವಿರಲಿಲ್ಲ. ಮೂರು ಪೈಪನ್ನೂ ಎಳೆಗೂಸಿನ ಹಾಗೆ ಎತ್ತಿಕೊಂಡು ತಂದು ಸ್ಟೋರ್ ರೂಮಿನಲ್ಲಿ ಮಲಗಿಸಿದೆ.

ಸಂತೋಷವೇ ಆಗಿದೆ ನನಗೆ. ಸುಳ್ಳು ಯಾಕೆ. ಕಡಂಗ ಹೋದರೂ ಅದರ ವಯಸ್ಸು ನನ್ನ ಮನೆಯಲ್ಲಿದೆ.


ಫೆಬ್ರವರಿ 8

ಜೆಸಿಬಿ. ನೋಡಬಾರದು ಎಂದುಕೊಂಡಿದ್ದೆ, ನೋಡಿದೆ. ಅಗಲ ಮಾಡಲು ಹಳೆಯ ದಿಣ್ಣೆಯನ್ನೇ ಕೆರೆದರು. ಊರವರೆಲ್ಲ ಮದುವೆ ಮನೆಯ ಹಾಗೆ ಸೇರಿದ್ದರು. ಮೊಣ್ಣಪ್ಪ ಮಾವ ಡ್ರೈವರ್‌ಗೆ ಎಳನೀರು ಕೆತ್ತಿಸಿ ಕೊಟ್ಟರು. ನನ್ನ ಮುಖ ನೋಡಿ ಹತ್ತಿರ ಬಂದು ಮೆಲ್ಲಗೆ, ‘ಬೇಜಾರ್ ಮಾಡ್ಬೇಡ ಯಮುನ. ಆನೆಗೆ ಇತಿಹಾಸ ಗೊತ್ತಿಲ್ಲೆ.’ ಅಂದರೆ ನಾನು ಕೇಳಿದ್ದು ಟ್ರೆಂಚ್ ಅಲ್ಲ ಎಂದು ಅವರಿಗೆ ಗೊತ್ತು. ಮೊದಲಿನಿಂದಲೂ ಗೊತ್ತಿತ್ತೋ ಏನೋ.


ಫೆಬ್ರವರಿ 10. ಸೋಮವಾರ

ಕಾಲೇಜಿನಿಂದ ಬಂದೆ. ಇಂದು ಕಾಳಮ್ಮನ ದಿನ. ಕಣದಲ್ಲಿ ಕಾಫಿ ಹರವಿತ್ತು. ಅದರ ಪಕ್ಕದಲ್ಲಿ, ಗುಡಿಸಿ ಚೊಕ್ಕ ಮಾಡಿದ ಜಾಗದಲ್ಲಿ, ಮೂರು ಸಣ್ಣ ಮಣ್ಣಿನ ರಾಶಿ. ತೆಳ್ಳಗೆ ಹರಡಿದ್ದಾಳೆ. ಒಂದೊಂದರ ತಲೆಗೂ ಅದರದರ ಪೈಪು, ಬೆರಕೆಯಾಗದ ಹಾಗೆ. ಬಿಸಿಲು ಚೆನ್ನಾಗಿತ್ತು.

‘ಯಾರು ಹೇಳಿದ್ದು ನಿಂಗೆ! ಯಾರು ಹೇಳಿದ್ದು!’

ಕಿರುಚಿದೆ. ನನ್ನ ಗಂಟಲಿನಿಂದ ಅಂಥ ಶಬ್ದ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ. ಕಾಳಮ್ಮ ಕಾಫಿ ಹರವುವ ಹಲಗೆ ಹಿಡಿದುಕೊಂಡೇ ಹಿಂದೆ ಸರಿದಳು.

‘ಪ್ಲಾಸ್ಟಿಕ್ ಒಳ್ಗೆ ಬೆವ್ತಿತ್ತು ಕಣಕ್ಕ. ಒದ್ದೆ ಒದ್ದೆ ಮಣ್ಣು. ಜೋಪಾನ ಅಂದಿದ್ರಲ್ಲ... ಅಂಗೇ ಬುಟ್ರೆ ಬೂಷ್ಟು ಇಡೀತದೆ ಅಂತ ಒಣಗಾಕ್ದೆ. ನಾಲ್ಕ್ ಸಲ ಕೈಯಾಡ್ಸಿದೀನಿ, ಎಲ್ಲ ಕಡೇನೂ ಬಿಸ್ಲು ಬಿದ್ದದೆ.’

ಎಲ್ಲ ಕಡೆಯೂ ಬಿದ್ದಿದೆ.

ಬೆಳಕು ತಾಗಬಾರದು ಎಂದು ನಾನು ಹೇಳಿರಲಿಲ್ಲ. ಜೋಪಾನ ಎಂದಿದ್ದೆ. ಹಸಿ ಇದ್ದದ್ದನ್ನು ಒಣಗಿಸುವುದೇ ಈ ಊರಿನಲ್ಲಿ ಜೋಪಾನ. ಕಾಫಿ, ಮೆಣಸು, ಸೌದೆ, ಹಾಸಿಗೆ, ಎಲ್ಲವೂ.

‘ಮತ್ತೆ ಟಾರ್ಪಾಲು ಯಾಕೆ ಹಿಡ್ದಿದ್ದೆ ಅಂದ್ಕೊಂಡೆ?’ ಎಂದು ಕೇಳಿದೆ.

‘ನಿಮ್ಗೆ ಬಿಸ್ಲಾದ್ರೆ ತಲೆನೋವು ಬತ್ತದಲ್ಲ, ಅದ್ಕೆ.’

ಹಲಗೆ ಕೆಳಗಿಟ್ಟಳು. ‘ಏನಾಯ್ತಕ್ಕ? ಕೆಟ್ಟೋಯ್ತಾ?’

‘ಏನಿಲ್ಲ. ತಲೆನೋವು’ ಎಂದೆ.

‘ಅಂಗಾದ್ರೆ ನೆಳ್ಳಿಗೆ ಓಗಿ. ನಾನ್ ತುಂಬಿಡ್ತೀನಿ.’ ತುಂಬಿಟ್ಟಳು. ಒಂದು ಕಾಳೂ ಚೆಲ್ಲಲಿಲ್ಲ. ಟೇಪನ್ನೂ ಮೊದಲಿನ ಹಾಗೆಯೇ ಸುತ್ತಿದಳು.

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ತುಂಬ ಅತ್ತೆ.


ಫೆಬ್ರವರಿ 11

ಲ್ಯಾಬ್‌ನವರು ನಾಳೆ ಬರುವುದಿಲ್ಲವಂತೆ. ಮಾರ್ಚ್ ಆರು.

ನಗಬೇಕು.


ಮಾರ್ಚ್ 2

ಇಷ್ಟು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ. ಕ್ಲಾಸು, ಬಸ್ಸು, ಗಂಜಿ.

ಗೈಡ್‌ಗೆ ಎಲ್ಲ ಹೇಳಿದ್ದೇನೆ. ‘ಆ ಪೈಪು ಕೊಟ್ರೆ ರಿಪೋರ್ಟಲ್ಲಿ ವಯಸ್ಸು ಸೊನ್ನೆ ಅಂತ ಬರುತ್ತೆ’ ಎಂದರು. ಎರಡು ಸಾವಿರದ ಇಪ್ಪತ್ತೈದರ ಫೆಬ್ರವರಿಯಲ್ಲಿ ತೋಡಿದ ಕಡಂಗ. ಲ್ಯಾಬ್‌ನವರು ತಪ್ಪು ಹೇಳಿದ ಹಾಗೂ ಆಗುವುದಿಲ್ಲ.

ಬೇರೆ ಎಲ್ಲಿಂದಲಾದರೂ ಮೂರು ಪೈಪು ಹಳೆಯ ಮಣ್ಣು ತುಂಬಿ ಕೊಟ್ಟರೆ ಯಾರಿಗೆ ಗೊತ್ತಾಗುತ್ತದೆ? ಎರಡು ದಿನ ಈ ಯೋಚನೆ ಬಂತು. ಹೋಯಿತು. ಅಷ್ಟು ಓಡಾಡುವ ಶಕ್ತಿಯೂ ಇಲ್ಲ, ಇಪ್ಪತ್ತು ವರ್ಷ ಇತಿಹಾಸ ಹೇಳಿಕೊಟ್ಟು ಈಗ ಕದಿಯಲೂ ಆಗದು. ಡೇಟ್ ಇಲ್ಲದೆಯೇ ಸಲ್ಲಿಸುತ್ತೇನೆ ಎಂದೆ. ‘ಸಲ್ಲಿಸಮ್ಮ. ಆದರೆ ಆಸೆ ಇಟ್ಕೋಬೇಡ’ ಎಂದರು.

ಮುಂದಿನ ವರ್ಷಕ್ಕೆ ಅಮ್ಮತ್ತಿಯಲ್ಲಿ ಒಂದು ಟ್ಯೂಶನ್ ಸೆಂಟರ್‌ನವರು ಕೇಳಿದ್ದಾರೆ. ಹೈಸ್ಕೂಲ್ ಸಮಾಜ ವಿಜ್ಞಾನ. ನೋಡಬೇಕು.

ಆನೆಗಳು ಮೇಲಿನ ಎಸ್ಟೇಟಿನಲ್ಲಿ ಕೂಗುವುದು ಕೇಳಿಸುತ್ತದೆ. ಇಳಿದಿಲ್ಲ. ಇಂದು ಸಂಜೆ ಲೈನಿನ ಮುಂದೆ ಹಾದು ಬಂದೆ. ಪುಟ್ಟರಾಜು ಹೊರಗೆ ಕೂತಿದ್ದ. ಬಾಗಿಲು ಹಾರು ಹೊಡೆದಿತ್ತು. ಬೀಡಿ ಮುಚ್ಚಿಕೊಂಡು ‘ಬನ್ನಿ ಅಕ್ಕಾರೆ’ ಎಂದ. ಐದು ನಿಮಿಷ ಕೂತೆ.

ಕಾಳಮ್ಮನಿಗೆ ಇನ್ನೂ ಹೇಳಿಲ್ಲ. ಹೇಳುವುದೂ ಇಲ್ಲ.


ಮಾರ್ಚ್ 6. ಗುರುವಾರ, ಸಂಜೆ

ಲ್ಯಾಬ್‌ನಿಂದ ಬಂದಳು. ಮಾನಸ ಎಂದು ಹೆಸರು, ಸಣ್ಣ ಹುಡುಗಿ, ಈ ವರ್ಷ ಸೇರಿದವಳು. ಅವಳ ಸರ್ ಕೊಟ್ಟ ನಂಬರು ಅವಳ ಫೋನಿನಲ್ಲಿ ‘ಕೊಡಗು ಮೇಡಂ’ ಎಂದಿದೆ. ನನ್ನ ಹೆಸರು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಎಲ್ಲರಿಗೂ ನಾನು ಮೇಡಂ.

ಬರುವುದು ಬೇಡ ಎಂದು ಮೊನ್ನೆಯೇ ತಿಳಿಸಿದ್ದೆ. ಹೇಗೂ ಚೆಟ್ಟಳ್ಳಿಗೆ ಬೇರೆ ಕೆಲಸಕ್ಕೆ ಬಂದಿದ್ದೆ, ನೋಡಿಯೇ ಹೋಗುತ್ತೇನೆ ಎಂದಳು. ನಾನೂ ಕಾಳಮ್ಮನೂ ಟ್ರೆಂಚಿನ ಹತ್ತಿರ ಕಾದೆವು. ಜೀಪಿನಿಂದ ಇಳಿದು ಬಗ್ಗಿ, ಗೋಡೆಯ ಮಣ್ಣನ್ನು ಅಲ್ಲಲ್ಲಿ ಕೆರೆದು ನೋಡಿದಳು. ಹಳೆಯ ಮಣ್ಣು ಯಾವುದು, ಮೇಲಿಂದ ಸುರಿದದ್ದು ಯಾವುದು, ಎಲ್ಲ ಕಲಸಿಹೋಗಿದೆ ಎಂದಳು. ಪಾಪ, ಅವಳಿಗೇ ಬೇಸರವಾಯಿತು. ಬರಿಗೈಯಲ್ಲಿ ಹೋಗಬಾರದು ಎಂದೋ ಏನೋ ನೋಟ್ ಪ್ಯಾಡ್ ತೆಗೆದಳು.

‘ಡೇಟ್ ಸಿಗದಿದ್ರೂ ಲೋಕಲ್ ಲೆಜೆಂಡ್ ಸಿಕ್ಕಿತು ಮೇಡಂ. ದಾರಿ ಗೊತ್ತಾಗದೆ ರೋಡಲ್ಲಿ ಅಂಗಡಿಯವರನ್ನ ಕೇಳ್ದೆ, ಕಡಂಗ ಎಲ್ಲಿ ಅಂತ. ಯಾವ ಕಡಂಗ, ಯಮುನಕ್ಕನ ಕಡಂಗವಾ ಅಂದ್ರು. ಆಮೇಲೆ ಪಿಕ್ಕಿಂಗ್‌ನವರು ಜೀಪಲ್ಲಿ ಹೋಗ್ತಿದ್ರು, ಅವರೂ ಅದೇ ಹೆಸರು ಹೇಳಿದ್ರು. ಆನೆಯಿಂದ ಜನರನ್ನ ಕಾಪಾಡೋಕೆ ಯಮುನಕ್ಕ ಅನ್ನೋಳು ತೋಡಿಸಿದ್ದಂತೆ. ಗಂಡಸರ ಕೈಲಿ ಆಗದ್ದನ್ನ ಮಾಡಿದ್ಲಂತೆ.’

ಬರೆದುಕೊಂಡದ್ದನ್ನು ತೋರಿಸಿದಳು. ದುಂಡಗಿನ ಅಕ್ಷರ. ಯಮುನಕ್ಕನ ಕಡಂಗ.

ಕಾಳಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

‘ರಾಣಿ ಏನಾದ್ರೂ ಆಗಿದ್ಲಾ ಮೇಡಂ?’ ಹುಡುಗಿ ಪೆನ್ನು ಹಿಡಿದು ಕೇಳಿದಳು. ‘ಯಾವ ಕಾಲದವಳು?’

ನಾನು ಅವಳಿಗೆ ‘ಬರ್ಕೊಳ್ಳಮ್ಮ, ಎರಡು ಸಾವಿರದ ಇಪ್ಪತ್ತೈದು, ಫೆಬ್ರವರಿ. ರಾಣಿ ಅಲ್ಲ, ಅತಿಥಿ ಉಪನ್ಯಾಸಕಿ’ ಎಂದೆ.